ಕೊಡಗಿನ ಮಳೆಗಾಲದಲ್ಲಿ 48 ಫ್ರೇಮ್ ತ್ರೀಡಿ: ಕ್ಯಾಬಿನ್ನಿನ ಅನುಭವ

ಮಾಮೂಲಿ 24ರ ಬದಲು ಸೆಕೆಂಡಿಗೆ 48 ಫ್ರೇಮ್ (ಚಿತ್ರ) ಓಡುವ ತ್ರೀಡಿ ಸಿನಿಮಾ ಬಂತೆಂದರೆ, ಪ್ರೊಜೆಕ್ಟರ್ ಕ್ಯಾಬಿನ್ನಿನಲ್ಲಿ ಕೂತ ನನ್ನ ಗಮನ ಮೊದಲು ಹೋಗುವುದು ಬೆಳಕಿನ ಕಡೆಗೆ. ಹಿಂದೆ ಷೋಸ್ಕ್ಯಾನ್ ಪದ್ಧತಿಯಲ್ಲಿ 70 ಎಂಎಂ ಫಿಲ್ಮ್ ಸೆಕೆಂಡಿಗೆ 60 ಫ್ರೇಮ್ ಓಡುತ್ತಿತ್ತು. ನಿಮಿಷಕ್ಕೆ ಸುಮಾರು 281 ಅಡಿ ಫಿಲ್ಮ್ ಬೇಕಾಗುತ್ತಿತ್ತು. ಅಲ್ಲಿ ಭಾರ ರೀಲಿನ ಮೇಲೆ. ಡಿಜಿಟಲ್‌ನಲ್ಲಿ ಅದು ಸರ್ವರ್ ಮತ್ತು ಲ್ಯಾಂಪಿನ ಮೇಲೆ ಬೀಳುತ್ತದೆ.

ಸರ್ವರ್ ವಿಷಯ ಸರಳ. ಎರಡೂ ಕಣ್ಣಿಗೆ ಸೇರಿ ಸೆಕೆಂಡಿಗೆ 96 ಚಿತ್ರ. ಸಿನಿಮಾ ಫೈಲನ್ನು ಚಿತ್ರವಾಗಿ ಬಿಡಿಸಿಕೊಡುವ, ಪ್ರೊಜೆಕ್ಟರಿನೊಳಗೇ ಕೂರುವ ಮೀಡಿಯಾ ಬ್ಲಾಕ್ ಬೇಕು, ಹೊರಗಿನ ಹಳೆಯ ಸರ್ವರಿನ ಕೇಬಲ್ ಇಷ್ಟನ್ನು ಹೊರುವುದಿಲ್ಲ. ರೇಡ್‌ನಲ್ಲಿ (ಸರ್ವರಿನ ಡಿಸ್ಕ್‌ಗಳ ಜೋಡಣೆ) ಒಂದು ಡಿಸ್ಕ್ ಕೈಕೊಟ್ಟಿದ್ದರೂ 24 ಫ್ರೇಮ್ ಓಡಿಬಿಡಬಹುದು, 48ರಲ್ಲಿ ಚಿತ್ರ ತಡವರಿಸಬಹುದು. ಡಿಸಿಪಿ (ಸಿನಿಮಾದ ಡಿಜಿಟಲ್ ಪ್ರತಿ) ಇಳಿಸಿಕೊಂಡ ಮೇಲೆ ಅದರ ಹೆಸರಿನಲ್ಲಿ 48 ಇದೆಯೇ, ಅದನ್ನು ತೆರೆಯುವ ಡಿಜಿಟಲ್ ಕೀಲಿಯಾದ ಕೆಡಿಎಂ ಅದೇ ಪ್ರತಿಗೆ ಬಂದಿದೆಯೇ ನೋಡಿಕೊಳ್ಳಿ.

ಹೆಚ್ಚು ಎಡವುವುದು ಫ್ಲ್ಯಾಶ್ ಸೆಟ್ಟಿಂಗ್‌ನಲ್ಲಿ, ಅಂದರೆ ಒಂದೇ ಫ್ರೇಮನ್ನು ಎಷ್ಟು ಸಲ ಮಿನುಗಿಸಬೇಕು ಎಂಬಲ್ಲಿ. 24ರ ತ್ರೀಡಿಯಲ್ಲಿ ಪ್ರತಿ ಫ್ರೇಮನ್ನು ಒಂದೊಂದು ಕಣ್ಣಿಗೆ 3 ಸಲ ಮಿನುಗಿಸುತ್ತೇವೆ, ಒಟ್ಟು 144. 48ಕ್ಕೆ 2 ಸಲ ಸಾಕು, ಒಟ್ಟು 192. ಇದಕ್ಕೆ ಪ್ರೊಜೆಕ್ಟರಿನಲ್ಲಿ ಬೇರೆಯೇ ಚಾನೆಲ್ (ಉಳಿಸಿಟ್ಟ ಸೆಟ್ಟಿಂಗ್‌ಗಳ ಗುಂಪು) ಮಾಡಿಟ್ಟು ಪ್ಲೇಲಿಸ್ಟಿನಲ್ಲಿ ಸಿನಿಮಾಕ್ಕೆ ಮೊದಲು ಆ ಚಾನೆಲ್ಲಿಗೆ ಬದಲಿಸುವ ಕ್ಯೂ ಹಾಕಿ. ಟ್ರೇಲರ್‌ಗಳು 24ರವು, ಆದ್ದರಿಂದ ಮರೆತರೆ ಹಳೆಯ ಚಾನೆಲ್ಲೇ ಉಳಿದು, ಎರಡು ಕಣ್ಣಿನ ಬೆಳಕನ್ನು ಬೇರ್ಪಡಿಸುವ ಪೋಲರೈಜರ್ ತಾಳ ತಪ್ಪುತ್ತದೆ. ಕನ್ನಡಕ ಹಾಕಿದವರಿಗೆ ಮುಖದ ಪಕ್ಕ ಇನ್ನೊಂದು ಮುಖದ ನೆರಳು ಕಾಣುತ್ತದೆ. ಕಣ್ಣಿನಿಂದ ಕಣ್ಣಿಗೆ ಬದಲಾಗುವಾಗ 350 ಮೈಕ್ರೋಸೆಕೆಂಡ್ ಕತ್ತಲೆ ಬಿಟ್ಟಿದ್ದೀರೆಂದುಕೊಳ್ಳಿ: 144ಕ್ಕೆ ಸೆಕೆಂಡಿನಲ್ಲಿ 5%, 192ಕ್ಕೆ 6.7% ಬೆಳಕು ಹೋಯಿತು. ಹಾಗಾಗಿ ಲ್ಯಾಂಪನ್ನು 48ರ ಚಾನೆಲ್‌ನಲ್ಲೇ ಅಳೆದು ಹೊಂದಿಸಬೇಕು. ಬೆಳಕಿನ ಮೀಟರಿನ ಮುಂದೆ ತ್ರೀಡಿ ಕನ್ನಡಕ ಹಿಡಿದು, ನಡುವಿನ ಸೀಟಿನಿಂದ, ಪರದೆಯ ನಡುವೆ ಸುಮಾರು 4.5 ಫೂಟ್‌ಲ್ಯಾಂಬರ್ಟ್ (ಪರದೆಯ ಬೆಳಕಿನ ಅಳತೆ) ಸಿಗಬೇಕು. ಬೆಳಕು ಇದಕ್ಕಿಂತ ಕಡಿಮೆಯಾದರೆ 48 ಫ್ರೇಮಿನ ನಯವೆಲ್ಲ ಮಬ್ಬಿನಲ್ಲಿ ಮುಳುಗುತ್ತದೆ, ನನಗಿದು ನಿಜಕ್ಕೂ ನೋವಿನ ಸಂಗತಿ.

ಇನ್ನು ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಬಿನ್ ಗಾಜಿನ ಮೇಲೆ ತೆಳುವಾಗಿ ಮಂಜು ಕೂರುತ್ತದೆ. ಆಗ ಲ್ಯಾಂಪ್ ಕರೆಂಟ್ ಏರಿಸಬೇಡಿ, ಗಾಜು ಒರೆಸಿ. ತ್ರೀಡಿಗೆ ಬಳಸುವ, ಬೆಳ್ಳಿಬಣ್ಣದ ಲೇಪದ ಸಿಲ್ವರ್ ಪರದೆಗೆ ಮಾತ್ರ ಒದ್ದೆ ಬಟ್ಟೆ ಮುಟ್ಟಿಸಬಾರದು, ಒರೆಸಿದ ಗುರುತು ಶಾಶ್ವತ. ಬೂಷ್ಟು ಹಿಡಿಯದಂತೆ ಶೋ ಇಲ್ಲದ ದಿನವೂ ಪರದೆಯ ಹಿಂದೆ ತೇವ ಹೀರುವ ಡಿಹ್ಯುಮಿಡಿಫೈಯರ್ ಓಡಬೇಕು. ಪ್ರೊಜೆಕ್ಟರಿನ ಏರ್ ಫಿಲ್ಟರ್ ಎರಡು ಸೆಟ್ ಇಟ್ಟುಕೊಳ್ಳಿ, ತೊಳೆದದ್ದು ಆಟಿ ತಿಂಗಳ ಜಡಿಮಳೆಯಲ್ಲಿ ಎರಡು ದಿನಕ್ಕೂ ಒಣಗುವುದಿಲ್ಲ. ಒಲೆಯ ಮೇಲೆ ತೂಗಿಹಾಕಿದರೆ ಹೊಗೆಯ ಜಿಡ್ಡು ಫಿಲ್ಟರಿನಿಂದ ಲೆನ್ಸಿಗೆ ಬರುತ್ತದೆ. ಎಕ್ಸಾಸ್ಟ್ ಕೊಳವೆಯ ಬಾಯಿ ಕೆಳಮುಖವಾಗಿ ಬಾಗಿರಲಿ, ಇಲ್ಲವಾದರೆ ಇರಚಲು ಮಳೆ ನೇರ ಲ್ಯಾಂಪ್‌ಹೌಸಿಗೆ ಇಳಿದೀತು.

ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ಇಲ್ಲಿ ಮಾಮೂಲು. ಸರ್ವರ್ ಮಾತ್ರವಲ್ಲ, ಲ್ಯಾಂಪಿನ ಬ್ಲೋವರನ್ನೂ ಯುಪಿಎಸ್ ಮೇಲೆ ಹಾಕಿ. ಝೆನಾನ್ ಲ್ಯಾಂಪ್ ಆರಿದ ಮೇಲೂ ಗಾಳಿ ಬೇಕು. ಬ್ಲೋವರ್ ನಿಂತರೆ ತುದಿಯ ಸೀಲ್ ಬಿಸಿಗೆ ಹಾಳಾಗಿ ಲ್ಯಾಂಪಿನ ಆಯಸ್ಸು ಕಡಿಮೆಯಾಗುತ್ತದೆ. ಜನರೇಟರ್ ಹತ್ತಿದರೂ ವೋಲ್ಟೇಜ್ ನಿಲ್ಲುವವರೆಗೆ ಲ್ಯಾಂಪ್ ಹೊತ್ತಿಸಬೇಡಿ.