ಬೌರಿಂಗ್‌ಪೇಟೆಯನ್ನು ನಾನು ತಿದ್ದಬಾರದಿತ್ತು

ಕೋಲಾರದ ಹಳೇ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ವೈಕುಂಠ ಸಮಾರಾಧನೆ ಕಾರ್ಡು, ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿ, ಇವೇ ನನ್ನ ಕೆಲಸ. ಎರಡು ವರ್ಷದ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ಒಂದು ಅಕ್ಕಿ ಚೀಲ ತಂದು ಮೇಜಿನ ಮೇಲಿಟ್ಟರು. ಒಳಗೆ ಮೂರು ದಪ್ಪ ಬೈಂಡು. ಅವರ ತಾಯಿ ಕೂಡಿಸಿಟ್ಟಿದ್ದ ಮಾಸಪತ್ರಿಕೆಗಳು.

"ಇದರಲ್ಲಿರೋ ಕಥೆಗಳನ್ನ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡ್ಕೊಡಮ್ಮ. ನನಗೆ ಕಣ್ಣು ಸಾಲದು" ಅಂದರು.

ಮೊದಲ ದಿನವೇ ತಪ್ಪು ಮಾಡಿದೆ. ಬೈಂಡನ್ನು ಜೆರಾಕ್ಸ್ ಮೆಷಿನ್ ಮೇಲೆ ಬೋರಲು ಹಾಕಿ ಒತ್ತಿದೆ. ಹಪ್ಪಳ ಮುರಿದ ಹಾಗೆ ಸದ್ದಾಯಿತು. ನಾಲ್ಕು ಹಾಳೆ ಹೊಲಿಗೆಯ ಹತ್ತಿರ ತುಂಡಾಗಿ ಕೈಗೆ ಬಂದವು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅವತ್ತಿನಿಂದ ಹಳೇ ಪತ್ರಿಕೆ ಮೆಷಿನ್ ಮೇಲೆ ಹಾಕುವುದನ್ನೇ ಬಿಟ್ಟೆ. ಬೈಂಡಿನ ಎರಡು ಕಡೆಗೂ ದಿಂಬು ಕೊಟ್ಟು, ಅರ್ಧ ಮಾತ್ರ ತೆರೆದು, ಬೆಳಿಗ್ಗೆ ಕಿಟಕಿ ಬೆಳಕಿನಲ್ಲಿ ಮೊಬೈಲಿನಿಂದ ಫೋಟೋ ತೆಗೆಯುತ್ತೇನೆ. ಫ್ಲ್ಯಾಷ್ ಹಾಕುವುದಿಲ್ಲ. ಕಾಗದ ತೆಳು, ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುತ್ತದೆ. ಹಾಳೆಯ ಹಿಂದೆ ಒಂದು ಕಪ್ಪು ಕಾಗದ ಇಟ್ಟರೆ ಅದು ಹೋಗುತ್ತದೆ. ಇದೊಂದು ಗೊತ್ತಾದ ಮೇಲೆ ಕೆಲಸ ಅರ್ಧ ಹಗುರಾಯಿತು.

ಫೋಟೋದಿಂದ ಅಕ್ಷರ ಎತ್ತುವ ಸಾಫ್ಟ್‌ವೇರ್ ಇದೆ, ಕನ್ನಡಕ್ಕೂ ಬರುತ್ತದೆ. ಆದರೆ ಹಳೇ ಅಚ್ಚಿನ ಮುಂದೆ ಅದು ತಡವರಿಸುತ್ತದೆ. ಜಾಸ್ತಿ ತೊಂದರೆ ಅರ್ಕಾವತ್ತಿನದು. ಅರ್ಕಾವತ್ತು ನೋಡಲು ನಮ್ಮ ಒಂಬತ್ತರ ಅಂಕಿಯ ಹಾಗೇ ಇರುತ್ತದಲ್ವಾ? "ಸೂರ್ಯ" ಇದ್ದ ಕಡೆಯೆಲ್ಲ "ಸೂಯ೯" ಅಂತ ಬರುತ್ತಿತ್ತು. ಅಕ್ಷರದ ಪಕ್ಕದ ಸೊನ್ನೆಗೂ ಅಂಕಿಯ ಪೂಜ್ಯಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯದು. ಕೊನೆಗೆ ಪುಟ ಪಕ್ಕದಲ್ಲಿಟ್ಟುಕೊಂಡು ನಾನೇ ಟೈಪ್ ಮಾಡಿದೆ.

ಅಲ್ಲೇ ಎರಡನೇ ತಪ್ಪಾಯಿತು. ಕಾರ್ಡು ತಿದ್ದುವ ಅಭ್ಯಾಸ ಕೈಯಲ್ಲಿತ್ತು. "ಯೇನು" ಅಂತಿದ್ದರೆ "ಏನು" ಮಾಡಿದೆ. "ಬಂದ್ಯೇನೇ" ಅನ್ನುವುದನ್ನು "ಬಂದೆಯೇನೇ" ಮಾಡಿದೆ. ಕಥೆಯಲ್ಲಿ ಅತ್ತಿಗೆಯೊಬ್ಬಳು ತವರಿಗೆ ಹೊರಟು ಬೌರಿಂಗ್‌ಪೇಟೆ ಸ್ಟೇಷನ್ನಿನಲ್ಲಿ ಕಾಯುತ್ತಾಳೆ. ಅದು ಈಗಿನ ಬಂಗಾರಪೇಟೆ ತಾನೇ ಅಂದುಕೊಂಡು ಈಗಿನ ಹೆಸರನ್ನೇ ಹಾಕಿದೆ. ಮುಂದಿನ ಸಾಲಿನಲ್ಲಿ "ಸಣ್ಣ ರೈಲು" ಅಂತಿತ್ತು. ಅದೇನೋ ಅಚ್ಚಿನ ತಪ್ಪು ಅಂದುಕೊಂಡು "ಸಣ್ಣ" ತೆಗೆದೆ.

ಮೇಷ್ಟ್ರು ಭೂತಗನ್ನಡಿ ಹಿಡಿದು ಅಂಗಡಿಯಲ್ಲೇ ಓದಿದರು. ಆ ಸಾಲಿಗೆ ಬಂದು ನಿಂತರು.

"ಏನಮ್ಮಾ, ಬೌರಿಂಗ್‌ಪೇಟೆ ಎಲ್ಲಿ ಹೋಯ್ತು?"

"ಅದು ಹಳೇ ಹೆಸರಲ್ವಾ ಸಾರ್."

"ಕಥೆನೂ ಹಳೇದೇ ಅಲ್ವೇನಮ್ಮಾ."

ಆಮೇಲೆ ಕೂತು ಹೇಳಿದರು. ಬೌರಿಂಗ್ ಅನ್ನುವವನು 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದವನು, ಊರಿಗೆ ಅವನ ಹೆಸರು. ಅಲ್ಲಿಂದ ಕೋಲಾರಕ್ಕೆ 1913ರಲ್ಲಿ ಬಂದದ್ದು ಎರಡೂವರೆ ಅಡಿ ಅಗಲದ ಹಳಿಯ ಪುಟ್ಟ ರೈಲು. ದೊಡ್ಡ ರೈಲಿನಿಂದ ಇಳಿದು ಸಣ್ಣ ರೈಲಿಗೆ ಹತ್ತಬೇಕು. ಪತ್ರಿಕೆ ತರಿಸಿಕೊಂಡು ಓದುತ್ತಿದ್ದ ನಮ್ಮ ಕಡೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿರಲಿಲ್ಲ. "ಸಣ್ಣ" ಅನ್ನುವ ಒಂದು ಮಾತಿನಲ್ಲೇ ಆ ಅತ್ತಿಗೆ ತವರಿನ ಹತ್ತಿರ ಬಂದಳು ಅಂತ ಗೊತ್ತಾಗುತ್ತಿತ್ತು. ನಾನು ಅದನ್ನೇ ಅಳಿಸಿದ್ದೆ. ಇಡೀ ಕಥೆಯನ್ನು ಮೊದಲಿನಿಂದ ಟೈಪ್ ಮಾಡಿದೆ, ಅಕ್ಷರಕ್ಕೆ ಅಕ್ಷರ. ದುಡ್ಡು ತಗೊಳ್ಳಲಿಲ್ಲ.

ಅಲ್ಲಿಂದ ಈ ಕಥೆಗಳ ಗುಂಗು ಹಿಡಿಯಿತು. ಮಂಗಳೂರಿನ 'ಸುವಾಸಿನಿ' ಪತ್ರಿಕೆಯಲ್ಲಿ 1900ರ ಸುಮಾರಿಗೇ ಪಂಜೆ ಮಂಗೇಶರಾಯರು ಸಣ್ಣ ಕಥೆ ಬರೆದಿದ್ದರು. ಷರ್ಲಾಕ್ ಹೋಮ್ಸ್ ಕಥೆಗಳು ಲಂಡನ್ನಿನ 'ಸ್ಟ್ರ್ಯಾಂಡ್' ಮಾಸಪತ್ರಿಕೆಯಲ್ಲಿ ಶುರುವಾದದ್ದು 1891ರಲ್ಲಿ. ಆ ಪತ್ತೇದಾರಿಯನ್ನು ಕನ್ನಡದ ಬೀದಿಗೆ ಕರೆತಂದವರು ಕೆರೂರು ವಾಸುದೇವಾಚಾರ್ಯರು. ಅದೇ 1891ರಲ್ಲೇ ನಮ್ಮ ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿ ಹುಟ್ಟಿದರು. ಅವರ ಮೊದಲ ಕಥೆ 1910ರದು. ಅ.ನ.ಕೃ. ಹುಟ್ಟಿದ್ದು ಇದೇ ಕೋಲಾರದಲ್ಲಿ, ಅವರು 'ಕಥಾಂಜಲಿ' ಪತ್ರಿಕೆಯ ಸಂಪಾದಕರಾಗಿದ್ದರು. ಇಷ್ಟು ವರ್ಷ ಇದೇ ಊರಲ್ಲಿದ್ದು ನನಗೆ ಇದು ಗೊತ್ತಿರಲಿಲ್ಲ.

ಹೆಸರುಗಳದ್ದೇ ಒಂದು ಕಷ್ಟ. ಮಾಸ್ತಿ "ಶ್ರೀನಿವಾಸ" ಅಂತ ಬರೆದರು. ಕೊಡಗಿನ ಗೌರಮ್ಮ "ಮಿಸೆಸ್ ಬಿ.ಟಿ.ಜಿ. ಕೃಷ್ಣ" ಅಂತ ಬರೆದರು. ನನ್ನ ಬೈಂಡಿನಲ್ಲಿ ಕೆಲವು ಕಥೆಗಳ ಕೆಳಗೆ ಬರೀ ಎರಡು ಅಕ್ಷರ. ಅದನ್ನು ಬಿಡಿಸಲು ಹೋಗಬೇಡಿ, ಇದ್ದ ಹಾಗೇ ಹಾಕಿ. ಊಹೆ ಮಾಡಿ ಹೆಸರು ಹಾಕಿದರೆ ಅದೇ ಮುಂದೆ ಸತ್ಯ ಅಂತ ಓಡಾಡುತ್ತದೆ.

ತಾರೀಖಿನ ಕಥೆಯೂ ಹೇಳಲೇಬೇಕು. ಬೈಂಡು ಮಾಡುವಾಗ ರಕ್ಷಾಪುಟ ಕಿತ್ತು ಹಾಕಿದ್ದಾರೆ. ಇಸವಿ ಎಲ್ಲೂ ಇಲ್ಲ. ಒಂದು ಪುಟದ ನೆತ್ತಿಯ ಮೇಲೆ "ಯುವ ಸಂ|| ಮಾಘ" ಅಂತ ಮಾತ್ರ ಇತ್ತು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಯುವ ಅಂದರೆ 1875, 1935, 1995. ಸಿನಿಮಾ ಜಾಹೀರಾತು ಇದ್ದ ಮೇಲೆ 1875 ಆಗದು. ಹಾಗಾಗಿ 1935 ಅಂತ ಬರೆದೆ. ಅದೂ ತಪ್ಪೇ! ಯುವ ಸಂವತ್ಸರ ಶುರುವಾಗುವುದು 1935ರ ಯುಗಾದಿಗೆ, ಮಾಘ ಬರುವುದು ಅದರ ಕೊನೆಗೆ. ಅಂದರೆ ಅದು 1936ರ ಜನವರಿ-ಫೆಬ್ರವರಿ. ಪುಷ್ಯ, ಮಾಘ, ಫಾಲ್ಗುಣ ಕಂಡರೆ ಈಗ ಕ್ಯಾಲೆಂಡರ್ ಇಟ್ಟುಕೊಂಡೇ ಲೆಕ್ಕ ಹಾಕುತ್ತೇನೆ.

ಮೇಷ್ಟ್ರ ಮೊಮ್ಮಗ ಎಲ್ಲವನ್ನೂ ಅಂತರ್ಜಾಲಕ್ಕೆ ಹಾಕೋಣ ಅಂದ. ಸ್ವಲ್ಪ ತಾಳು ಅಂದೆ. ಹಕ್ಕುಸ್ವಾಮ್ಯ ಮುಗಿಯಲು ಬರೆದವರು ತೀರಿಕೊಂಡ ವರ್ಷ ಮುಗಿದು 60 ವರ್ಷ ಕಳೆಯಬೇಕು. ಕೆರೂರು 1921ರಲ್ಲಿ, ಪಂಜೆ 1937ರಲ್ಲಿ, ಗೌರಮ್ಮ 1939ರಲ್ಲಿ ಹೋದರು, ಅವರದ್ದು ಹಾಕಬಹುದು. ಮಾಸ್ತಿ 1986ರವರೆಗೆ ಇದ್ದರು. ಅವರದ್ದಕ್ಕೆ 2046 ಮುಗಿಯುವವರೆಗೆ ಕಾಯಬೇಕು. ಮನೆಯಲ್ಲಿ ಕೂತು ಗಟ್ಟಿಯಾಗಿ ಓದಲು ಯಾರ ಅಪ್ಪಣೆಯೂ ಬೇಡ.

ಈಗ ಹತ್ತೊಂಬತ್ತನೇ ಕಥೆಯಲ್ಲಿದ್ದೇನೆ. ಒಂದು ಕಡೆ ಹುಳು ಎರಡು ಅಕ್ಷರ ತಿಂದಿದೆ. "ಆಕೆ ಬಾಗಿಲಲ್ಲಿ ನಿಂತು ... ಅಂದಳು" ಅಂತ ಮೂರು ಚುಕ್ಕೆ ಇಟ್ಟಿದ್ದೇನೆ. "ಬಾರೋ" ಇರಬಹುದು, "ಹೋಗೋ" ಇರಬಹುದು. ಮೇಷ್ಟ್ರು ಶನಿವಾರ ಬರುತ್ತಾರೆ. ಅವರ ಅಮ್ಮ ಈ ಕಥೆಯನ್ನು ಬಾಯಲ್ಲೇ ಹೇಳುತ್ತಿದ್ದರಂತೆ. ಕೇಳಿ ನೋಡುತ್ತೇನೆ.