ಬಿಂಬುಳಿಯನ್ನು ಮರದಡಿ ಕೊಳೆಯಲು ಬಿಡಬೇಡಿ
ಉಡುಪಿಯ ಕಡೆ ಎಷ್ಟೋ ಹಿತ್ತಿಲುಗಳಲ್ಲಿ ಬಿಂಬುಳಿ ಎಂಬ ಹುಳಿಕಾಯಿ ಮರದಡಿಯೇ ಕೊಳೆಯುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ! ಮಳೆಗಾಲದಲ್ಲಿ ಕಪ್ಪಾದ ಹಿತ್ತಾಳೆ ದೀಪಕ್ಕೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಏಳೆಂಟು ಕಾಯಿಗಳನ್ನು ಜಜ್ಜಿ, ಸ್ವಲ್ಪ ಉಪ್ಪು ಸೇರಿಸಿ, ತೆಂಗಿನ ನಾರಿನಿಂದ ಉಜ್ಜಿ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ಕಿಲುಬನ್ನು ಬಿಡಿಸುತ್ತದೆ. 5 ನಿಮಿಷದೊಳಗೆ ತೊಳೆದು, ಕೂಡಲೇ ಒಣಬಟ್ಟೆಯಿಂದ ಒರೆಸಿ. ತೇವ ಉಳಿದರೆ ಮತ್ತೆ ಕಲೆ ಬೀಳುತ್ತದೆ. ಕೈಯಲ್ಲಿ ಗಾಯವಿದ್ದರೆ ಮುಟ್ಟಬೇಡಿ.

ಉಳಿದ ಪಾತ್ರೆಗಳಿಗೆ ಅಂಟುವಾಳ ಸಾಕು. 10–12 ಕಾಯಿಗಳ ಬೀಜ ತೆಗೆದು, ರಾತ್ರಿಯಿಡೀ ನೆನೆಸಿ, ಕುದಿಸಿ ಸೋಸಿ. ನಮ್ಮ ಸೆಕೆಗೆ ಈ ನೀರು ಬೇಗ ಹಳಸುತ್ತದೆ, ಫ್ರಿಜ್‌ನಲ್ಲಿಡಿ.

ಹುಳಿಯ ಯಾವ ರಸವನ್ನೂ ಬ್ಲೀಚಿಂಗ್ ಪುಡಿಯೊಂದಿಗೆ ಮಾತ್ರ ಬೆರೆಸಲೇಬೇಡಿ, ವಿಷಾನಿಲ ಹುಟ್ಟುತ್ತದೆ. ಅಮೃತಶಿಲೆಯ ನೆಲಕ್ಕೂ ಹುಳಿ ತಾಗದಿರಲಿ.