ಟೊರೊಂಟೊದಲ್ಲಿ ಮೊದಲ ಕೆಲಸ: ಹೊಸದಾಗಿ ಬಂದ ಕನ್ನಡಿಗರಿಗೆ

ಪಿಆರ್ (ಕೆನಡಾದಲ್ಲಿ ಕಾಯಂ ನೆಲೆಸುವ ಅನುಮತಿ) ಪಡೆದು ಟೊರೊಂಟೊಗೆ ಬಂದವರು ಎರಡು ಕೆಲಸ ಹುಡುಕಬೇಕು. ಬಾಡಿಗೆ ಕಟ್ಟಲು ಹೊಟ್ಟೆಪಾಡಿನ ಕೆಲಸ ಒಂದು, ಓದಿಗೆ ತಕ್ಕ ಕೆಲಸ ಇನ್ನೊಂದು. ಇವೆರಡರ ದಾರಿಯೂ ಬೇರೆ, ರೆಸ್ಯೂಮೆಯೂ ಬೇರೆ. ಒಂದೇ ರೆಸ್ಯೂಮೆಯನ್ನು ಎಲ್ಲ ಕಡೆಗೂ ಕಳಿಸಿದವರಿಗೆ ಎರಡೂ ಕಡೆಯಿಂದ ಫೋನ್ ಬರುವುದಿಲ್ಲ.

ಬಂದ ವಾರವೇ ಸರ್ವಿಸ್ ಕೆನಡಾ ಎಂಬ ಸರ್ಕಾರಿ ಕಚೇರಿಗೆ ಹೋಗಿ, ಇಲ್ಲಿ ಕೆಲಸ ಮಾಡಲು ಬೇಕಾದ ಸಿನ್ (ಸೋಶಿಯಲ್ ಇನ್ಶೂರೆನ್ಸ್) ನಂಬರ್ ಮಾಡಿಸಿ. ಪಾಸ್‌ಪೋರ್ಟ್ ಮತ್ತು ಪಿಆರ್ ದೃಢೀಕರಣ ಪತ್ರ ಒಯ್ದರೆ ಸಾಮಾನ್ಯವಾಗಿ ಅಲ್ಲೇ 9 ಅಂಕಿಯ ನಂಬರ್ ಕೊಡುತ್ತಾರೆ, ಶುಲ್ಕವಿಲ್ಲ. ನಮ್ಮವರಿಗೆ ತೊಡಕಾಗುವುದು ಹೆಸರು. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ತಂದೆಯ ಹೆಸರು, ಇನಿಷಿಯಲ್ ಎಲ್ಲ ಬಿಡಿಸಿ ಬರೆದು ಸರ್‌ನೇಮ್ ಜಾಗದಲ್ಲೇ ತುಂಬಿದ್ದರೆ ಇಲ್ಲಿನ ದಾಖಲೆಗಳಲ್ಲೂ ಹಾಗೇ ಬರುತ್ತದೆ. ರೆಸ್ಯೂಮೆಯಲ್ಲಿ ಕರೆಯುವ ಹೆಸರು ಹಾಕಿಕೊಳ್ಳಿ, ಅಡ್ಡಿಯಿಲ್ಲ. ಆದರೆ ಸಿನ್, ಬ್ಯಾಂಕ್ ಖಾತೆ ಮತ್ತು ಸಂಬಳದ ದಾಖಲೆ ಮೂರರಲ್ಲೂ ಹೆಸರು ಅಕ್ಷರಶಃ ಒಂದೇ ಇರಲಿ. ಸಿನ್ ನಂಬರನ್ನು ಕೆಲಸಕ್ಕೆ ತೆಗೆದುಕೊಂಡ ಮೇಲಷ್ಟೇ ಕೊಡಿ. ಸಂದರ್ಶನಕ್ಕೂ ಮುಂಚೆ ಕೇಳುವವರು, ಚೆಕ್ ಕಳಿಸಿ "ಜಮಾ ಮಾಡಿಕೊಂಡು ಉಳಿದ ಹಣ ವಾಪಸ್ ಹಾಕಿ" ಎನ್ನುವವರು ಮೋಸಗಾರರು. ಆ ಚೆಕ್ ಕೆಲವು ದಿನ ಬಿಟ್ಟು ಬೌನ್ಸ್ ಆಗುತ್ತದೆ, ನೀವು ಕಳಿಸಿದ ಹಣ ಹೋದದ್ದೇ.

ಇನ್ನು ರೆಸ್ಯೂಮೆ. ಫೋಟೊ, ಹುಟ್ಟಿದ ದಿನ, ತಂದೆಯ ಹೆಸರು, ಮದುವೆಯಾಗಿದೆಯೇ ಇಲ್ಲವೇ, ಪಾಸ್‌ಪೋರ್ಟ್ ನಂಬರ್, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕ ಇವೆಲ್ಲ ತೆಗೆಯಿರಿ. ಕೊನೆಯಲ್ಲಿ ಸಹಿ ಹಾಕುವ ಡಿಕ್ಲರೇಶನ್ ಕೂಡ ಬೇಡ. ಎರಡು ಪುಟ ಸಾಕು. ಲಕ್ಷ, ಕೋಟಿ, ಸಿಟಿಸಿ, ಫ್ರೆಷರ್ ಎಂಬ ಮಾತುಗಳು ಇಲ್ಲಿ ಯಾರಿಗೂ ತಿಳಿಯುವುದಿಲ್ಲ. "ಪೇಮೆಂಟ್ ಪ್ರಾಜೆಕ್ಟಿನಲ್ಲಿ ಟೀಮ್ ಮೆಂಬರ್ ಆಗಿದ್ದೆ" ಎಂಬ ಸಾಲಿನಿಂದ ನೀವು ಮಾಡಿದ್ದೇನು ಎಂಬುದು ಗೊತ್ತಾಗುವುದಿಲ್ಲ. "ಐದು ಜನರ ತಂಡದಲ್ಲಿ, ಮೂರು ಗಂಟೆ ಹಿಡಿಯುತ್ತಿದ್ದ ದಿನದ ವರದಿಯನ್ನು 40 ನಿಮಿಷಕ್ಕೆ ಇಳಿಸಿದೆ" ಎಂದು ಬರೆದರೆ ಓದುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ಸಂಖ್ಯೆ ನಿಜವಾಗಿರಲಿ, ಸಂದರ್ಶನದಲ್ಲಿ ಅದನ್ನೇ ಕೆದಕುತ್ತಾರೆ.

ಹೊಟ್ಟೆಪಾಡಿನ ಕೆಲಸಕ್ಕೆ ಒಂದೇ ಪುಟ. ಎಂ.ಟೆಕ್ ಕಂಡ ಅಂಗಡಿ ಮ್ಯಾನೇಜರಿಗೆ "ಇವರು ತಿಂಗಳಲ್ಲಿ ಬಿಟ್ಟು ಹೋಗುತ್ತಾರೆ" ಎಂದೇ ಅನ್ನಿಸುವುದು. ಪದವಿಗಳನ್ನು ಬಿಟ್ಟು, ವಾರದ ಯಾವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಬರಬಲ್ಲಿರಿ ಎಂಬುದನ್ನು ಮೇಲ್ಗಡೆಯೇ ಬರೆಯಿರಿ. ಅಂಗಡಿಗಳು ಕ್ರಿಸ್ಮಸ್ ಸೀಸನ್ನಿಗೆ ಜನ ತೆಗೆದುಕೊಳ್ಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಡಿಸೆಂಬರಿನಲ್ಲಿ ಬಂದಿಳಿದವರಿಗೆ ಜನವರಿ ಕಳೆಯುವುದು ಕಷ್ಟ, ಕೈಯಲ್ಲಿ ಹಣ ಇಟ್ಟುಕೊಂಡೇ ಬನ್ನಿ.

ಬ್ರಾಂಪ್ಟನ್, ಮಿಸ್ಸಿಸಾಗಾ ಕಡೆಯ ಗೋದಾಮುಗಳಿಗೆ ಹೆಚ್ಚಾಗಿ ಏಜೆನ್ಸಿಗಳ ಮೂಲಕವೇ ಜನ ಹೋಗುವುದು. 2024ರ ಜುಲೈನಿಂದ ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಇಂಥ ಏಜೆನ್ಸಿಗಳಿಗೆ ಲೈಸೆನ್ಸ್ ಕಡ್ಡಾಯ. ಕೆಲಸ ಕೊಡಿಸಲು ನಿಮ್ಮಿಂದ ಹಣ ಕೇಳುವಂತಿಲ್ಲ. ಸೇಫ್ಟಿ ಶೂ ಕೊಳ್ಳುವಾಗ ಹಸಿರು ತ್ರಿಕೋನದ ಸಿಎಸ್ಎ (ಕೆನಡಾದ ಸುರಕ್ಷತಾ ಮಾನದಂಡ) ಗುರುತು ನೋಡಿ. ಊರಿಂದ ತಂದ ಶೂ ಎಷ್ಟೇ ಗಟ್ಟಿಯಿದ್ದರೂ ಆ ಗುರುತಿಲ್ಲದಿದ್ದರೆ ಬಾಗಿಲಲ್ಲೇ ವಾಪಸ್. ಶಿಫ್ಟ್ ಒಪ್ಪುವ ಮೊದಲು ಬಸ್ಸಿನ ದಾರಿ ನೋಡಿಕೊಳ್ಳಿ: ಭಾನುವಾರ ಸಬ್‌ವೇ (ಇಲ್ಲಿನ ಮೆಟ್ರೊ ರೈಲು) ಶುರುವಾಗುವುದೇ ಬೆಳಗ್ಗೆ ಸುಮಾರು 8ಕ್ಕೆ, ಗೋದಾಮಿನ ಶಿಫ್ಟ್ 7ಕ್ಕೇ ಇರಬಹುದು. ಮಧ್ಯಾಹ್ನದ ಮೇಲಿನ ಶಿಫ್ಟ್ ಸಿಕ್ಕರೆ ಅದನ್ನೇ ಹಿಡಿಯಿರಿ. ಬೆಳಗಿನ ಹೊತ್ತು ಸಂದರ್ಶನಗಳಿಗೆ ಉಳಿಯುತ್ತದೆ. ಹಗಲಿಡೀ ದುಡಿದು, ರಾತ್ರಿ ಅರ್ಜಿ ಹಾಕುತ್ತೇನೆ ಎಂದವರ ಅರ್ಜಿಗಳು ಎರಡನೇ ವಾರಕ್ಕೇ ನಿಂತುಹೋಗುತ್ತವೆ.

2025ರ ಅಕ್ಟೋಬರಿನಿಂದ ಪ್ರಾಂತ್ಯದ ಕನಿಷ್ಠ ಕೂಲಿ ಗಂಟೆಗೆ 17.60 ಡಾಲರ್. "ಕ್ಯಾಶ್ ಕೊಡ್ತೀನಿ, ಸ್ವಲ್ಪ ಕಡಿಮೆ" ಎನ್ನುವವರಲ್ಲಿ ನಮ್ಮ ದೇಶದವರೂ ಇದ್ದಾರೆ. ಆ ಗಂಟೆಗಳಿಗೆ ದಾಖಲೆ ಇರುವುದಿಲ್ಲ. ಮುಂದೆ ನಿರುದ್ಯೋಗ ವಿಮೆಗೂ ಲೆಕ್ಕವಿಲ್ಲ, ಬಾಡಿಗೆ ಮನೆಗೆ ತೋರಿಸಲು ಪೇ ಸ್ಟಬ್ಬೂ (ಸಂಬಳದ ಚೀಟಿ) ಇಲ್ಲ.

ಓದಿಗೆ ತಕ್ಕ ಕೆಲಸಕ್ಕೆ ಮೊದಲ ಮೆಟ್ಟಿಲು ಆಕ್ಸೆಸ್ ಎಂಪ್ಲಾಯ್‌ಮೆಂಟ್, ಕೋಸ್ಟಿ, ವೈಎಂಸಿಎಯಂಥ ಸಂಸ್ಥೆಗಳು. ಪಿಆರ್ ಇದ್ದವರಿಗೆ ರೆಸ್ಯೂಮೆ ತಿದ್ದುವುದು, ಅಣಕು ಸಂದರ್ಶನ ಎಲ್ಲ ಉಚಿತ. ಇದಕ್ಕೇ ಸಾವಿರಾರು ಡಾಲರ್ ಕೇಳುವ ಕನ್ಸಲ್ಟೆಂಟ್ ಯಾಕೆ? ಟ್ರಯೆಕ್ ಸಂಸ್ಥೆ ನಿಮ್ಮದೇ ಕ್ಷೇತ್ರದ ಒಬ್ಬ ಹಿರಿಯರನ್ನು ಜೊತೆ ಮಾಡಿಕೊಡುತ್ತದೆ. ಅವರ ಹತ್ತಿರ ಕೆಲಸ ಕೇಳಬೇಡಿ, ಅವರ ಕಂಪನಿಯಲ್ಲಿ ಈ ಕೆಲಸವನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಎಂದು ಕೇಳಿ. ಬೆಂಗಳೂರಿನ ಹುದ್ದೆಯ ಹೆಸರು ಇಲ್ಲಿ ಬೇರೆಯೇ ಇರುತ್ತದೆ, ಹುಡುಕಾಟ ದಾರಿ ತಪ್ಪುವುದು ಅಲ್ಲೇ.

"ಕೆನಡಾದ ಅನುಭವ ಬೇಕು" ಎಂಬ ಹಳೇ ತಕರಾರು ಈಗ ಸ್ವಲ್ಪ ಸಡಿಲವಾಗಿದೆ. 2026ರ ಜನವರಿಯಿಂದ 25 ಅಥವಾ ಹೆಚ್ಚು ಜನರಿರುವ ಒಂಟಾರಿಯೊ ಕಂಪನಿಗಳು ಜಾಹೀರಾತಿನಲ್ಲಿ ಅದನ್ನು ಷರತ್ತಾಗಿ ಹಾಕುವಂತಿಲ್ಲ, ಸಂಬಳ ಎಷ್ಟರಿಂದ ಎಷ್ಟರವರೆಗೆ ಎಂಬುದನ್ನೂ ಹೇಳಬೇಕು. ಜಾಹೀರಾತಿನಿಂದ ಹೋಗಿದೆ, ಮನಸ್ಸಿನಿಂದ ಹೋಗಿಲ್ಲ. ಎಂಜಿನಿಯರುಗಳ ಪರವಾನಗಿ ಮಂಡಳಿ 2023ರ ಮೇ ತಿಂಗಳಲ್ಲೇ ಕೆನಡಾದ ಅನುಭವ ಬೇಕೆಂಬ ನಿಯಮ ಕೈಬಿಟ್ಟಿತು. ಆದರೆ ಪರವಾನಗಿ ಸಿಗುವವರೆಗೆ ಪ್ರೊಫೆಷನಲ್ ಎಂಜಿನಿಯರ್ ಎಂದು ಹೇಳಿಕೊಳ್ಳಬೇಡಿ.

ರೆಫರೆನ್ಸ್ ಕೇಳುತ್ತಾರೆ, ಇಬ್ಬರು ಮೂವರು. ಊರಿನ ಹಳೆಯ ಮ್ಯಾನೇಜರ್ ಆಗಬಹುದು. ಕಂಪನಿಯ ಇಮೇಲ್ ವಿಳಾಸವಿರಲಿ, ಫೋನ್ ಬರಬಹುದೆಂದು ಮೊದಲೇ ಹೇಳಿಡಿ. ಇಲ್ಲಿ ಹಗಲಾದರೆ ಅಲ್ಲಿ ರಾತ್ರಿ. "ಯಾವಾಗ ಸೇರಬಲ್ಲಿರಿ" ಎಂದರೆ ಇಲ್ಲಿನವರ ಮನಸ್ಸಿನಲ್ಲಿರುವುದು ಎರಡು ವಾರ, ಬೆಂಗಳೂರಿನ ಮೂರು ತಿಂಗಳ ನೋಟಿಸ್ ಅಲ್ಲ.

ಮೊದಲ ಪೇ ಸ್ಟಬ್ ಬಂದಾಗ ಗಂಟೆಗಳನ್ನು ನಿಮ್ಮದೇ ಲೆಕ್ಕದೊಂದಿಗೆ ತಾಳೆ ನೋಡಿ. ಪಿಂಚಣಿ, ನಿರುದ್ಯೋಗ ವಿಮೆ, ತೆರಿಗೆ ಕಳೆದಿರಬೇಕು. ಗಳಿಸಿದ ಕೂಲಿಯ ಕನಿಷ್ಠ 4 ಶೇಕಡಾ ರಜೆ ಸಂಬಳ ನಿಮ್ಮ ಹಕ್ಕು. ವಾರಕ್ಕೆ 44 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೂಲಿ. ಐಟಿಯವರಿಗೆ ಮಾತ್ರ ಈ ಓವರ್‌ಟೈಮ್ ನಿಯಮ ಅನ್ವಯಿಸುವುದಿಲ್ಲ, ಅಷ್ಟರಮಟ್ಟಿಗೆ ಬೆಂಗಳೂರೇ. ಫೆಬ್ರುವರಿ ಕೊನೆಯೊಳಗೆ ಟಿ4 ಚೀಟಿ (ಹಿಂದಿನ ವರ್ಷದ ಸಂಬಳ, ಕಡಿತಗಳ ಲೆಕ್ಕ, ತೆರಿಗೆ ಸಲ್ಲಿಸಲು ಬೇಕು) ಬರುತ್ತದೆ. ನಡುವೆ ಕೆಲಸ ಬಿಟ್ಟು ಮನೆ ಬದಲಾಯಿಸಿದವರು ಹಳೆಯ ಏಜೆನ್ಸಿಗೂ ಹೊಸ ವಿಳಾಸ ತಿಳಿಸಿ.